ಬೀಗರ ಸಾಲ್ವೆಂಟ್ ವ್ಯಾಪಾರ

ನಗು ಬರುವಂಥ ಸಂಗತಿಗಳು ಎಲ್ಲ ವ್ಯಾಪಾರದಲ್ಲೂ ನಡೆಯುತ್ತಲೇ ಇರುತ್ತವೆ. ನಮ್ಮ ವ್ಯಾಪಾರದಲ್ಲಿ ಮಾತ್ರ ನಗುವ ಮೊದಲು, ಯಾರೂ ಸತ್ತಿಲ್ಲವಷ್ಟೇ ಎಂದು ಒಮ್ಮೆ ವಿಚಾರಿಸಿಕೊಳ್ಳಬೇಕು.

ನಾನು ರಾಯಚೂರಿನಲ್ಲಿ ಸಾಲ್ವೆಂಟ್ ಮಾರುತ್ತಿದ್ದವನು. ಎಪ್ಪತ್ತರ ದಶಕ ಮುಗಿದು ಎಂಬತ್ತರ ದಶಕ ಶುರುವಾಗುತ್ತಿದ್ದ ಕಾಲ. ಹೆಕ್ಸೇನ್ ಅಂತ ಅದರ ಹೆಸರು. ಪೆಟ್ರೋಲಿನ ತಂಗಿ ಅನ್ನಿ. ನೋಡಲು ನೀರಿನ ಹಾಗೆ ತಿಳಿ. ಅಕ್ಕನ ಹಾಗೇ ಬೇಗ ಹಾರುತ್ತದೆ, ಬೇಗ ಹೊತ್ತುತ್ತದೆ. ಕಾಲುವೆ ನೀರು ಬಂದು ಸಿರವಾರ, ಮಾನ್ವಿ ಕಡೆ ಭತ್ತ ಹೆಚ್ಚಾದ ಮೇಲೆ ರೈಸ್ ಮಿಲ್ಲುಗಳು ಎದ್ದವು. ಮಿಲ್ಲಿನ ತೌಡಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳು ಅದರ ಬೆನ್ನಿಗೇ ಬಂದವು. ತೌಡಿನ ಮೇಲೆ ಸಾಲ್ವೆಂಟ್ ಹರಿಸಿದರೆ ಅದು ಎಣ್ಣೆಯನ್ನು ಸೆಳೆದುಕೊಂಡು ಹೊರಗೆ ಬರುತ್ತದೆ. ಮುಂಬಯಿಯಿಂದ ಟ್ಯಾಂಕರಿನಲ್ಲಿ ತರಿಸಿ, ಡ್ರಮ್ಮಿಗೆ ತುಂಬಿ ಈ ಕಾರ್ಖಾನೆಗಳಿಗೆ ಕೊಡುವುದು ನನ್ನ ದಂಧೆ.

ನನ್ನ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದೆ. ಬೀಗರು ಜೋಳದ ವ್ಯಾಪಾರಿ. ಒಳ್ಳೆಯ ಮನೆತನ, ದೊಡ್ಡ ಮನೆ. ಮುಂದೆ ಹೇಳುವುದೆಲ್ಲ ಆ ಮನೆಯ ಸುದ್ದಿಯೇ.

೧. ಜೋಳದ ಬುದ್ಧಿ

ಅರಬರು ಎಣ್ಣೆ ಬಿಗಿ ಹಿಡಿದಿದ್ದಾರೆ ಎಂದು ರೇಡಿಯೋದಲ್ಲಿ ಬರುತ್ತಿದ್ದ ದಿನಗಳು. ಸಾಲ್ವೆಂಟ್ ರೇಟು ಏರುತ್ತಲೇ ಹೋಯಿತು. ಒಂದು ದಿನ ಬೀಗರು ಅಂಗಡಿಗೆ ಬಂದು ಚಹಾ ಕುಡಿದು, ಮೀಸೆ ಒರೆಸಿಕೊಂಡು ಅಂದರು:

"ಬೀಗರ, ನನಗೂ ಒಂದು ಲಾರಿ ಸಾಲ್ವೆಂಟ್ ಬೇಕ್ರಿ."

"ನಿಮ್ಮದೇನು ಕಾರ್ಖಾನಿ ಅದ ಏನ್ರಿ?"

"ಕಾರ್ಖಾನಿ ಯಾಕ ಬೇಕು? ಜ್ವಾಳ ಹಿಡಿದಂಗ ಹಿಡೀತೀನಿ. ಏರಿದಾಗ ಬಿಡ್ತೀನಿ."

"ಜ್ವಾಳ ಇಟ್ಟಲ್ಲೇ ಇರ್ತದ್ರಿ. ಇದು ಮುಚ್ಚಿಟ್ರೂ ಗಾಳಿಗಿ ಹಾರಿ ಹೋಗ್ತದ."

"ಜ್ವಾಳಕ್ಕ ಹುಳ ಬೀಳ್ತಾವ, ಇಲಿ ತಿಂತಾವ. ಇದನ್ನ ಇಲಿ ತಿಂತಾವೇನ್ರಿ?"

"ಇಲ್ರಿ."

"ಮತ್ತ ಜ್ವಾಳಕ್ಕಿಂತ ಚಲೋ ಆತಲ್ಲ!"

ಬೆಂಕಿ ಮಾಲು, ಲೈಸೆನ್ಸ್ ಬೇಕು, ಜಾಗ ಬೇಕು, ನಾನಂತೂ ಕೊಡುವುದಿಲ್ಲ ಎಂದೆ. ಬೀಗರು ಎದ್ದು ಹೋದರು. ಎರಡು ವಾರದ ಮೇಲೆ ಹೇಳಿ ಕಳಿಸಿದರು: "ಹೈದರಾಬಾದಿನಿಂದ ಮಾಲು ಬಂತು. ಕೊಟ್ಟಾಂವ ಭಾಳ ಚಲೋ ಮನಷಾ. ನಿಮ್ಮಂಗ ಏನೂ ಹೇಳಲಿಲ್ಲ."

೨. ಸತ್ತ ನಾಯಿ

ಮಗಳು ಪಂಚಮಿಗೆ ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ಅಂಗಡಿ ಕಡೆ ಬಂದವಳು ಡ್ರಮ್ಮಿನ ಹತ್ತಿರ ನಿಂತು ಮೂಗು ಎಳೆದುಕೊಂಡಳು.

"ಯಪ್ಪಾ, ಇದs ವಾಸನಿ ನಮ್ಮ ಮನಿ ಮುಂದ ಬರ್ತದ."

"ಮನಿ ಮುಂದ ಏನದ ಬೇ?"

"ಏನಿಲ್ಲ. ಹಗೇವು ಅದ."

ಹಗೇವು ಎಂದರೆ ನೆಲದೊಳಗೆ ಬಾವಿಯ ಹಾಗೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿಡುವ ಕಣಜ. ನಮ್ಮ ಕಡೆ ಅಂಗಳದಲ್ಲೋ ಓಣಿಯಲ್ಲೋ ಇರುತ್ತದೆ. ಮೇಲೆ ಎತ್ತಿನ ಗಾಡಿಗಳು ಓಡಾಡುತ್ತವೆ, ಮಕ್ಕಳು ಆಡುತ್ತಾರೆ.

"ಮತ್ತೇನು ವಿಶೇಷ?" ಅಂದೆ.

"ಹಗೇವಿನ ಕಲ್ಲಿನ ಮ್ಯಾಲೆ ನಮ್ಮ ನಾಯಿ ಮಲಗ್ತಿತ್ತು. ಒಂದಿನ ಮುಂಜಾನೆ ಏಳಲೇ ಇಲ್ಲ."

"ನಿಮ್ಮತ್ತಿ ಏನಂದ್ರು?"

"ವಯಸ್ಸಾಗಿತ್ತು, ಹೋತು ಅಂದ್ರು."

"ಎಷ್ಟು ವಯಸ್ಸು?"

"ಹೋದ ದೀಪಾವಳಿಗಿ ಹುಟ್ಟಿದ ಮರಿ ಯಪ್ಪಾ ಅದು."

ಹಗೇವಿನಲ್ಲಿ ಏನಿರಬೇಕೆಂದು ಮಗಳಿಗೆ ಹೇಳಿದೆ; ಹಬ್ಬ ಮುಗಿದರೂ ಕಳಿಸಬಾರದು ಅಂದುಕೊಂಡೆ. ಅವಳೇ ಒಪ್ಪಲಿಲ್ಲ. "ನಾ ಇಲ್ಲೇ ಕೂತ್ರ, ಅಲ್ಲಿ ಬಾಗಿಲ ಮುಂದ ಬೀಡಿ ಸೇದೋರನ್ನ ಬೈಯೋರು ಯಾರು?" ಎಂದು ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

೩. ಬೆಂಕಿ ಬಿದ್ದ ದಿನದ ರೇಟು

ಮರುದಿನವೇ ದೇವದುರ್ಗಕ್ಕೆ ಹೋದೆ. ಹೆಣ್ಣು ಕೊಟ್ಟವನು ಬೀಗರ ಮನೆಯಲ್ಲಿ ದನಿ ಏರಿಸುವ ಹಾಗಿಲ್ಲ. ಮೆಲ್ಲಗೆ ಕೇಳಿದೆ. ಬೀಗರು ಹೆಮ್ಮೆಯಿಂದಲೇ ಹೇಳಿದರು:

"ಡ್ರಮ್ ಸಮೇತ ಹಗೇವಿನಾಗ ಇಟ್ಟೀನ್ರಿ. ತಣ್ಣಗ ಅದ. ಕಳ್ಳರ ಕೈಗಿ ಸಿಗೂದಿಲ್ಲ, ಸರ್ಕಾರದ ಕಣ್ಣಿಗಿ ಬೀಳೂದಿಲ್ಲ."

ಹೆದರಿಸಿದರೆ ದಾರಿಗೆ ಬಂದಾರು ಎಂದು, ರಾಯಚೂರಿನ ಹೊರಗೆ ಒಂದು ಕಾರ್ಖಾನೆಗೆ ಬೆಂಕಿ ಬಿದ್ದ ಕಥೆ ಹೇಳಿದೆ. ಸಾಲ್ವೆಂಟ್ ಪೈಪು ಸೋರಿ, ಎಲ್ಲೋ ಒಂದು ಕಿಡಿ ಹಾರಿ, ಛಾವಣಿಯ ತಗಡುಗಳು ಹತ್ತಿಯ ಹೊಲದಲ್ಲಿ ಹೋಗಿ ಬಿದ್ದಿದ್ದವು. ಕೆಲಸದವರನ್ನು ಗುರುತು ಹಿಡಿಯುವುದೂ ಕಷ್ಟವಾಗಿತ್ತು. ಊರೆಲ್ಲ ಹೊಗೆ ಕಂಡ ಕಡೆ ಓಡಿದರೆ, ಇಬ್ಬರು ದಲಾಲರು ಮಾತ್ರ ಹೊಗೆಗೆ ಬೆನ್ನು ಮಾಡಿ ಟೆಲಿಫೋನ್ ಆಫೀಸಿಗೆ ಓಡಿದ್ದರು. ಅಲ್ಲಿ ಒಬ್ಬ, "ಎಷ್ಟು ಮಂದಿ ಹೋದ್ರಂತ?" ಎಂದು ಕೇಳಿದ. ಇನ್ನೊಬ್ಬ ಅಂದ: "ಅದು ನಾಳಿ ಪೇಪರಿನಾಗ ಬರ್ತದ. ಮೊದಲು ಮುಂಬೈಗಿ ಹೇಳು, ಒಂದು ಗಿರಾಕಿ ಕಡಿಮಿ ಆತು ಅಂತ."

ಬೀಗರು ಕಣ್ಣು ಮುಚ್ಚಿ ಕೇಳಿದರು. "ಪಾಪ, ಪಾಪ" ಅಂದರು. ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. ಸರಿ, ನಾಟಿತು ಅಂದುಕೊಂಡೆ.

ಆಮೇಲೆ ಕಣ್ಣು ತೆರೆದು ಕೇಳಿದರು: "ಅವತ್ತು ರೇಟು ಭಾಳ ಇಳೀತೇನ್ರಿ?"

೪. ಗಟ್ಟಿ ಬೀಗ

ಮಾತಿನಿಂದ ಆಗದ್ದು ಕಣ್ಣಿಂದ ಆದೀತೆಂದು ಬೀಗರನ್ನು ಮಾನ್ವಿಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಗಿರಾಕಿಯದೊಂದು ಕಾರ್ಖಾನೆ. ಸಾಲ್ವೆಂಟ್ ಇಟ್ಟುಕೊಂಡವರು ಹೇಗೆ ಬದುಕುತ್ತಾರೆ ನೋಡಲಿ ಎಂಬುದು ನನ್ನ ಲೆಕ್ಕ.

ಗೇಟಿನಲ್ಲಿ ವಾಚಮನ್ ತಡೆದ. "ಬೀಡಿ, ಕಡ್ಡಿಪೆಟ್ಟಿಗೆ ಇದ್ರ ತೆಗೀರಿ ಸಾವ್ಕಾರ್ರ." ಬೀಗರ ಅಂಗಿಯ ಕಿಸೆಗೆ ತಾನೇ ಕೈ ಹಾಕಿ ಕಡ್ಡಿಪೆಟ್ಟಿಗೆ ತೆಗೆದುಕೊಂಡ. ಚಪ್ಪಲಿಯ ಮೊಳೆಯಿಂದ ಕಿಡಿ ಹಾರೀತೆಂದು ಚಪ್ಪಲಿಯನ್ನೂ ಬಿಡಿಸಿದ.

"ನೋಡಿದ್ರಾ?" ಅಂದೆ. ಬೀಗರ ಮುಖ ಸಣ್ಣದಾಗಿತ್ತು. ನನಗೆ ಖುಷಿಯಾಯಿತು. ಇನ್ನಷ್ಟು ಬಿಗಿಯಾಗಲಿ ಎಂದು ವಾಚಮನ್‌ನನ್ನೇ ಕೇಳಿದೆ: "ದಿನಾ ಇಷ್ಟು ಮಂದಿ ಕಡ್ಡಿಪೆಟ್ಟಿಗೆ ಕಸಗೊಂತೀ, ಎಲ್ಲಿ ಇಡ್ತೀಪ್ಪಾ?"

"ಮೊದಲು ಇಲ್ಲೇ ಇಡ್ತಿದ್ದೆ. ಹುಡುಗರು ಕದೀತಿದ್ರು. ಈಗ ಒಳಗ ಇಡ್ತೀನ್ರಿ." ಕೈ ತೋರಿಸಿದ. ಅದು ಸಾಲ್ವೆಂಟ್ ಡ್ರಮ್ಮುಗಳ ಕೋಣೆ.

"ಲೇ, ಅಲ್ಲೇನೋ!"

"ಮತ್ತ? ಗಟ್ಟಿ ಬೀಗ ಇರೋದು ಅದೊಂದಕ್ಕ ರೀ."

ಬಸ್ಸಿನಲ್ಲಿ ವಾಪಸು ಬರುವಾಗ ಬೀಗರ ಮುಖ ಮತ್ತೆ ಅರಳಿತ್ತು. "ಇವರಿಗೇ ಏನೂ ಆಗಿಲ್ಲಲ್ರೀ, ನಮಗೇನಾಗ್ತದ?" ಅಂದರು.

೫. ಏರಿದರೂ, ಇಳಿದರೂ

ಉಳಿದಿದ್ದು ಒಂದೇ ಭಾಷೆ, ರೇಟಿನ ಭಾಷೆ.

ರೇಟು ಇಳಿಯಲು ಹತ್ತಿದೆ, ಈಗಲೇ ಮಾರಿಬಿಡಿ ಎಂದು ಹೇಳಿ ಕಳಿಸಿದೆ. "ಇಳಿದಾಗ ಯಾವ ಹುಚ್ಚ ಮಾರ್ತಾನ? ಏರಲಿ" ಎಂದು ಉತ್ತರ ಬಂತು. ತಿಂಗಳು ಬಿಟ್ಟು, ರೇಟು ಭರ್ಜರಿ ಏರಿದೆ, ಇದೇ ಸಮಯ ಎಂದೆ. "ಏರಾಕತ್ತಾಗ ಯಾವ ಹುಚ್ಚ ಮಾರ್ತಾನ? ಇನ್ನೂ ಏರಲಿ" ಅಂದರು. ಕೊನೆಗೆ ನಾನೇ ದೇವದುರ್ಗಕ್ಕೆ ಹೋಗಿ, ಪೇಟೆಗಿಂತ ಹೆಚ್ಚು ಕೊಡುತ್ತೇನೆ, ಪೂರಾ ಮಾಲು ನನಗೇ ಕೊಡಿ ಎಂದೆ. ನಷ್ಟದ ವ್ಯಾಪಾರ; ನಾನು ಮಾಡಲು ಹೋದದ್ದು ಅದೊಂದೇ. ಬೀಗರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ತಮ್ಮ ಮಗನನ್ನು, ಅಂದರೆ ನನ್ನ ಅಳಿಯನನ್ನು, ಕೂಗಿ ಕರೆದು ಹೇಳಿದರು:

"ಬೀಗರು ಹೆಚ್ಚು ಕೊಡ್ತೀನಿ ಅನ್ನಾಕತ್ತಾರ. ಅಂದ್ರ ಏನೋ ಸುದ್ದಿ ಗೊತ್ತಾಗ್ಯಾದ. ಹಗೇವಿನ ಬಾಯಿಗಿ ಇನ್ನೊಂದು ಕಲ್ಲು ಹಾಕು."

ಅಳಿಯ ಒಳ್ಳೆಯವನು. ತಂದೆ ಹೇಳಿದ್ದಕ್ಕೆ ಎರಡು ಮಾತಿಲ್ಲ. ಕಲ್ಲು ಹಾಕಿದ.

ಆಗ ನನಗೆ ಬುದ್ಧಿ ಬಂತು. ಪೇಟೆಯಲ್ಲಿ ಬೀಗರ ಪರಿಚಯದವರೆಲ್ಲರ ಮುಂದೆ, "ದೇವದುರ್ಗದ ಮಾಲು ಪುಕ್ಕಟೆ ಕೊಟ್ರೂ ನನಗ ಬ್ಯಾಡ" ಎಂದು ಹೇಳುತ್ತ ಬಂದೆ. ವಾರ ತುಂಬುವುದರೊಳಗೆ ಅಳಿಯ ಓಡಿ ಬಂದ. "ಮಾವಾ, ಅಪ್ಪಗ ನಿದ್ದಿ ಹತ್ತವಲ್ದು. ಲಾರಿ ತಗೊಂಡು ಬರ್ರಿ ಅಂದಾನ."

೬. ಕಂದೀಲು

ಲಾರಿ ತೆಗೆದುಕೊಂಡು ಮುಂಜಾನೆ ಮುಟ್ಟುವಷ್ಟರಲ್ಲಿ ಹಗೇವಿನ ಮಣ್ಣು ತೆಗೆದು, ಕಲ್ಲು ಸರಿಸಿದ್ದರು. ಓಣಿಯ ತುಂಬ ವಾಸನೆ. ಜೋಳ ತೆಗೆಯುವ ಹಳೆಯ ಹಮಾಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದ. ಬೀಗರ ಕೈಯಲ್ಲಿ ಹಗ್ಗಕ್ಕೆ ಕಟ್ಟಿದ ಕಂದೀಲು, ಉರಿಯುತ್ತಿತ್ತು.

ಹಗೇವಿಗೆ ಇಳಿಯುವ ಮುಂಚೆ ಕಂದೀಲು ಇಳಿಸಿ ನೋಡುವುದು ನಮ್ಮ ಕಡೆಯ ರಿವಾಜು. ದೀಪ ಆರಿದರೆ ಒಳಗೆ ಗಾಳಿ ಕೆಟ್ಟಿದೆ, ಇಳಿದವನು ಸಾಯುತ್ತಾನೆ. ದೀಪ ಉರಿದರೆ ಇಳಿಯಬಹುದು. ಜೋಳದ ಹಗೇವಿಗೆ ಇದಕ್ಕಿಂತ ಒಳ್ಳೆಯ ರಿವಾಜಿಲ್ಲ.

"ದೀಪ ಬ್ಯಾಡ್ರಿ!" ಎಂದು ಲಾರಿಯಿಂದಲೇ ಕೂಗಿದೆ.

ಹಮಾಲ ತಲೆ ಅಲ್ಲಾಡಿಸಿದ. "ದೀಪ ಇಳಿಸದ ನಾ ಇಳಿಯಾಂಗಿಲ್ರಿ ಸಾವ್ಕಾರ್ರ. ನಮ್ಮಪ್ಪ ಹಂಗ ಇಳಿದs ಸತ್ತಾನ."

"ಕೇಳಿದ್ರಾ?" ಅಂದರು ಬೀಗರು. "ಬಡವನ ಜೀವದ ಪ್ರಶ್ನಿ."

ಅಷ್ಟರಲ್ಲಿ ಮಗಳು ಒಳಗಿನಿಂದ ಬಂದವಳೇ, ಕಂದೀಲಿನ ಗಾಜು ಎತ್ತಿ ಉಫ್ ಎಂದು ಊದಿ ಆರಿಸಿದಳು. ಮಾವನ ಕೈಯಲ್ಲಿದ್ದ ದೀಪವನ್ನು ಸೊಸೆ ಬಾಯಿಂದ ಊದಿ ಆರಿಸುವುದು! ಅವಳ ಅತ್ತೆ ಹಣೆ ಬಡಿದುಕೊಂಡರು. "ಯವ್ವಾ, ಮನಿ ದೀಪ ಆರಿಸಿದ್ಲಲ್ಲವ್ವಾ! ಇದನs ಕಲಿಸಿ ಕಳಿಸ್ಯಾರೇನ್ ಇವರಪ್ಪ?" ಓಣಿಯ ಹೆಂಗಸರು ಬಾಗಿಲಿಗೆ ಬಂದರು. ನಾನು ಹೇಳುತ್ತೇನೆ, ಯಾರೂ ಕೇಳುತ್ತಿಲ್ಲ. ಬೀಗರು ಸಿಟ್ಟಿನಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಟ್ಟೆಯ ಮೇಲೆ ಕೂತು ಕಡ್ಡಿ ಗೀರಿ ಮತ್ತೆ ಹಚ್ಚಿದರು.

ಮಗಳು ನನ್ನ ಮುಖ ನೋಡಿದಳು. ಒಳಗೆ ಹೋದಳು. ಸಣ್ಣದನ್ನು ಸೊಂಟಕ್ಕೆ ಏರಿಸಿಕೊಂಡು, ದೊಡ್ಡದನ್ನು ಕೈಹಿಡಿದು ಎಳೆದುಕೊಂಡು, ಓಣಿಯ ಆ ಕೊನೆಯ ಬೇವಿನ ಗಿಡದವರೆಗೂ ನಡೆದು, ಅಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ನಮಗ ಪಾಲು ಬೇಕು! ಬ್ಯಾರೆ ಮಾಡಿ ಕೊಡ್ರಿ! ಈ ಮನಿಯಾಗ ಇನ್ನ ನಾ ಇರಾಂಗಿಲ್ಲ!"

ಪಾಲಿನ ಜಗಳ ಅಂದರೆ ನಮ್ಮ ಕಡೆ ಅನ್ನದ ಮೇಲಿದ್ದವರೂ ಎದ್ದು ಬರುತ್ತಾರೆ. ಅತ್ತೆ ಓಡಿದರು, ಅಳಿಯ ಓಡಿದ, ಓಣಿಯ ಹೆಂಗಸರು ಓಡಿದರು. ಹಮಾಲ ಸೊಂಟದ ಹಗ್ಗ ಬಿಚ್ಚದೆ ಅದನ್ನು ಎಳೆದುಕೊಂಡೇ ಓಡಿದ. ನನ್ನ ಲಾರಿ ಡ್ರೈವರು ಲಾರಿಯನ್ನೇ ಆ ಕಡೆ ಒಯ್ದ, ಎತ್ತರದಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆಂದು. ನನ್ನನ್ನು ಬಿಟ್ಟರೆ ಬೀಗರೊಬ್ಬರೇ ಉಳಿದರು. ಒಂದು ಕೈಯಲ್ಲಿ ಕಂದೀಲು, ಕಿವಿ ಬೇವಿನ ಗಿಡದ ಕಡೆ. ಕೊನೆಗೆ ಅವರಿಗೂ ತಡೆಯಲಿಲ್ಲ. ಕಂದೀಲನ್ನು ಹಗೇವಿನ ಬಾಯಿಯ ಮೇಲೆ ತೂಗಬಿಟ್ಟು, ಹಗ್ಗವನ್ನು ದನದ ಗೂಟಕ್ಕೆ ಅವಸರದಲ್ಲಿ ಸುತ್ತಿ, "ಯಾವ ಪಾಲು? ಯಾರಪ್ಪನ ಪಾಲು?" ಎನ್ನುತ್ತ ಓಡಿದರು.

ನಾನು ಹಗ್ಗ ನೋಡಿದೆ. ಗಂಟು ಸಡಿಲಾಗಿ ಕಂದೀಲು ಕೆಳಗಿಳಿಯುತ್ತಿತ್ತು. ಹೋಗಿ ಕಂದೀಲು ಎತ್ತಬೇಕೋ, ಬೀಗರ ಹಿಂದೆ ಓಡಬೇಕೋ? ಬೀಗರಿಗಿಂತ ಮುಂದೆ ಓಡಿದೆ.

ಗಿಡ ಮುಟ್ಟಿದ್ದೆವು, ಅಷ್ಟೇ. ನೆಲ ಒಮ್ಮೆ ಎದ್ದು ಕೂತ ಹಾಗಾಯಿತು. ಹಗೇವಿನ ಬಾಯಿಂದ ಬೆಂಕಿ ಮಾಳಿಗೆಯೆತ್ತರ ಏರಿತು. ಡ್ರಮ್ಮುಗಳು ಒಂದಾದ ಮೇಲೊಂದು ಒಡೆದವು. ಬೀಗರ ಮನೆಯ ತಲಬಾಗಿಲು, ಪಡಸಾಲೆ, ಅದರ ಮೇಲಿನ ಮಾಳಿಗೆ ಎಲ್ಲ ಮಣ್ಣಾಗಿ ಕುಸಿದವು. ಹಮಾಲನಿಗೆ ಕೂಡಲು ಹಗೇವಿನ ಹತ್ತಿರ ಹಾಸಿಟ್ಟಿದ್ದ ಚಾಪೆ ಸಿಗಲೇ ಇಲ್ಲ. ಕೊಟ್ಟಿಗೆಯಲ್ಲಿದ್ದ ಎಮ್ಮೆ ಉಳಿಯಲಿಲ್ಲ. ಮನುಷ್ಯರು ಮಾತ್ರ, ಒಬ್ಬರೂ ಬಿಡದೆ, ಗಿಡದ ಕೆಳಗಿದ್ದೆವು.

ಮಸಿ ನಮ್ಮ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಮಗಳು ಮಕ್ಕಳ ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಬೀಗರು ಅವಳ ಹತ್ತಿರ ಹೋದರು. ಹೊಗೆಯ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದರು. ಎಂದೂ ಮಾತಾಡದಷ್ಟು ಮೆತ್ತಗೆ ಹೇಳಿದರು:

"ಏಳು ಯವ್ವಾ, ಮನಿಗಿ ನಡಿ. ಪಾಲು ಮಾಡಾಕ ಇನ್ನೇನೂ ಉಳಿದಿಲ್ಲ."