ಕೌದಿ ಹೊದ್ದ ಕಂಪ್ಯೂಟರ್

ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ, ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಧಾರವಾಡದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಪಿಂಗ್ ಅಂಗಡಿ. ಲಗ್ನಪತ್ರಿಕೆಯ ಮಜಕೂರು, ಕೋರ್ಟಿನ ಅರ್ಜಿ, ಕಾಲೇಜಿನವರ ಪ್ರಬಂಧ ಎಲ್ಲವೂ ಅಲ್ಲೇ. ಕಂಪ್ಯೂಟರಿಗೆ ವಯಸ್ಸಾಗಿದೆ. ಬೆಳಿಗ್ಗೆ ಅದರ ಬಟನ್ ಒತ್ತಿ ಒಲೆಯ ಮೇಲೆ ಚಹಾ ಇಟ್ಟರೆ ಚಹಾ ಮೊದಲು ಆಗುತ್ತದೆ. ಆದರೂ ಬಿಟ್ಟಿಲ್ಲ. ನನ್ನ ಬೆರಳುಗಳಿಗೆ ರೂಢಿಯಾದ ಹಳೆಯ ಕನ್ನಡ ಟೈಪಿಂಗ್ ಹೊಸ ಮಷೀನುಗಳಲ್ಲಿ ನಡೆಯುವುದಿಲ್ಲ. ಹೋದ ಬೇಸಿಗೆಯಲ್ಲಿ ಅದಕ್ಕೆ ವೈರಸ್ ಹತ್ತಿ ಏಳದಂತೆ ಮಲಗಿಬಿಟ್ಟಿತು. ಆಗ ಯಾರು ಯಾರು ಬಂದರು, ಏನೇನು ಮಾಡಿದರು ಎಂಬುದನ್ನು ನೆನೆದರೆ ಈಗಲೂ ಟೈಪ್ ಮಾಡುವ ಕೈ ನಿಲ್ಲುತ್ತದೆ. ನಗು ಬರುತ್ತದೆ, ಕೈ ಮುಗಿಯಬೇಕು ಅಂತಲೂ ಅನಿಸುತ್ತದೆ.

ಚಹಾಕ್ಕೆ ಅಡ್ಡಿಯಿಲ್ಲ

ವೈರಸ್ ಬಂದದ್ದು ಒಬ್ಬ ಟೀಚರ್ ತಂದ ಪೆನ್‌ಡ್ರೈವಿನಿಂದ. ಆಕೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಪಿಎಚ್‌ಡಿ ಹಿಡಿದಿದ್ದರು. ರಜೆ ಸಿಕ್ಕಾಗಲೆಲ್ಲ ಹಳ್ಳಿಹಳ್ಳಿ ತಿರುಗಿ ಬರೆದುಕೊಂಡು ಬಂದದ್ದನ್ನು ನಾನು ವರ್ಷಗಟ್ಟಲೆ ಟೈಪ್ ಮಾಡಿದ್ದೆ. ಟೈಪ್ ಆಯಿತಲ್ಲ ಎಂದು ಅವರ ಮನೆಯವರು ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದ್ದರು. ಈಗ ಪ್ರಬಂಧ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ, ಮತ್ತು ಆ ಪೆನ್‌ಡ್ರೈವಿನಲ್ಲಿ.

ಆ ದಿನ ಅವರು ಎಲ್ಲೋ ಶಾಲೆಯ ಪ್ರಶ್ನೆಪತ್ರಿಕೆಯ ಪ್ರಿಂಟ್ ತೆಗೆಸಿಕೊಂಡು ಬಂದು, ಅದೇ ಪೆನ್‌ಡ್ರೈವನ್ನು ನನಗೆ ಕೊಟ್ಟರು. ಹಾಕಿದೆ. ನೋಡನೋಡುತ್ತ ಫೋಲ್ಡರುಗಳೆಲ್ಲ ಹೆಸರು ಬದಲಿಸಿಕೊಂಡವು, ಯಾವುದನ್ನು ಒತ್ತಿದರೂ ತೆರೆಯಲಿಲ್ಲ. ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋದೀತು ಎಂದುಕೊಂಡೆ. ಬಂದ್ ಆಯಿತು, ಚಾಲೂ ಆಗಲಿಲ್ಲ. ಕರಿಯ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಮೂಡಿತು: ಮಷೀನು ನಡೆಸುವ ವ್ಯವಸ್ಥೆಯೇ ಸಿಗುತ್ತಿಲ್ಲ ಅಂತ. ಪೆನ್‌ಡ್ರೈವನ್ನು ಟೀಚರ್ ತಮ್ಮ ಮೊಬೈಲಿಗೆ ಹಚ್ಚಿ ನೋಡಿದರು. ಅದೂ ಖಾಲಿ.

ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕಿತ್ತು. ಟೀಚರ್ ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಒಳಗಿನಿಂದ ನಮ್ಮ ಅತ್ತೆ ಬಂದರು. ಇಬ್ಬರೂ ಅಳುವುದನ್ನು ಕಂಡು ಬಾಗಿಲಲ್ಲೇ ನಿಂತು, ಯಾರು ಹೋದರು ಅಂತ ಮೆಲ್ಲಗೆ ಕೇಳಿದರು. ಯಾರೂ ಹೋಗಿಲ್ಲ, ಕಂಪ್ಯೂಟರ್ ಹೋಗಿದೆ ಎಂದೆ. ಅತ್ತೆ ಅದನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು.

"ಹಂಗಾರ ಚಾ ಮಾಡ್ತೇನಿ ತಡೀರಿ. ಮನಶ್ಯಾರು ಹೋಗಿದ್ರ ಒಲಿ ಹಚ್ಚಾಕ ಬರ್ತಿರಲಿಲ್ಲ."

ಕಾಕಾರ ರಬ್ಬರು

ಸುದ್ದಿ ಓಣಿಯಲ್ಲಿ ಹರಡಿತು. ಎದುರು ಮನೆಯ ಕಾಕಾ ಬ್ಯಾಂಕಿನಿಂದ ನಿವೃತ್ತರು. ನಮ್ಮ ಓಣಿಯ ಮಿಕ್ಸರು, ಇಸ್ತ್ರಿ ಪೆಟ್ಟಿಗೆ, ಫ್ಯಾನು ಎಲ್ಲವೂ ಅವರ ಕೈ ದಾಟಿಯೇ ಗುಜರಿಗೆ ಹೋಗುವುದು. ಅವರು ಸ್ಕ್ರೂಡ್ರೈವರ್ ಹಿಡಿದು ಬಂದರು, ಜೊತೆಗೆ ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ತೆಗೆದುಕೊಂಡ ಒಂದು ರಬ್ಬರು.

ಮೊಬೈಲಿನ ವಿಡಿಯೋದಲ್ಲಿ ನೋಡಿದ್ದರಂತೆ. ಕಂಪ್ಯೂಟರಿನ ಒಳಗೆ ರ‍್ಯಾಮ್ ಅಂತ ಒಂದು ಪಟ್ಟಿ ಇರುತ್ತದೆ, ಅದನ್ನು ರಬ್ಬರಿನಿಂದ ತಿಕ್ಕಿ ಹಾಕಿದರೆ ಸತ್ತ ಮಷೀನು ಏಳುತ್ತದೆ ಅಂತ. ಇದು ವೈರಸ್ಸಿನ ತೊಂದರೆ, ತಿಕ್ಕಿದರೆ ಹೋಗಲಿಕ್ಕಿಲ್ಲ ಎಂದು ನಾನು ಹೇಳಿದೆ. ಸಾಬೂನು ಹಚ್ಚಿ ಕೈ ತಿಕ್ಕಿದರೆ ವೈರಸ್ ಹೋಗುತ್ತದೆಂದು ಸರಕಾರದವರೇ ಹೇಳಿಲ್ಲವೇ ಅಂತ ಅವರು ಕೇಳಿದರು. ನಾನು ಪ್ಲಗ್ ಕಿತ್ತು ಕೊಟ್ಟೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಾಸಿಗೆಗೆ ತುಂಬುವಷ್ಟು ದೂಳು. ಅದರ ಹಿಂದಿನಿಂದ ಒಂದು ಹಲ್ಲಿ ಹೊರಬಂದು ಕಾಕಾರ ಅಂಗಿಯ ತೋಳಿನೊಳಗೆ ಹೊಕ್ಕಿತು. ಆಮೇಲೆ ಸ್ವಲ್ಪ ಹೊತ್ತು ಕೋಣೆಯಲ್ಲಿ ರಿಪೇರಿ ನಡೆಯಲಿಲ್ಲ.

ಹಲ್ಲಿ ಹೋದ ಮೇಲೆ ಕಾಕಾ ಪಟ್ಟಿ ತೆಗೆದು ತಿಕ್ಕಿ, ಊದಿ, ತಿರುಗಿ ಹಾಕಿದರು. ಬಟನ್ ಒತ್ತಿದಾಗ ಮೊದಲು ಕಾಣುತ್ತಿದ್ದ ಒಂದು ಸಾಲೂ ಕಾಣದಾಯಿತು. ಬದಲಿಗೆ ಮಷೀನು ಒಂದೇ ಸಮನೆ ಕೂಗತೊಡಗಿತು. ಕಾಕಾ ಬೆವತರು. ಮಧ್ಯಾಹ್ನದ ಊಟ ಬಿಟ್ಟು ಕಾಕಾ ಆ ಪಟ್ಟಿಯನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಮನೆಗೆ ಹೋಗಿ ಊಟ ಮಾಡಿ ಬನ್ನಿ ಎಂದರೂ ಕೇಳಲಿಲ್ಲ, ಟೀಚರ ಮುಖ ನೋಡಿದ ಮೇಲೆ ತುತ್ತು ಇಳಿಯುವುದಿಲ್ಲ ಅಂದರು.

ಕೊನೆಗೆ ಪಟ್ಟಿ ಟಕ್ಕನೆ ಕೂತಿತು. ಕೂಗು ನಿಂತಿತು. ಕರಿಯ ಪರದೆಯ ಮೇಲೆ ಮೊದಲಿನ ಸಾಲೇ ತಿರುಗಿ ಮೂಡಿತು. ಅದನ್ನು ಕಂಡು ಮೂವರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಅತ್ತೆ ಒಳಗಿನಿಂದಲೇ, ಗುಣ ಆಯಿತೇ ಅಂತ ಕೇಳಿದರು.

ಕಾಕಾ ಹಣೆ ಒರೆಸಿಕೊಂಡು ಹೇಳಿದರು: "ಹೌದ್ರಿ ಅಕ್ಕಾರ. ಮೊದಲಿನ ರೋಗಕ್ಕ ಬಂದು ನಿಂತೇತಿ."

ಬಸ್ಸಿನಲ್ಲಿ

ಮರುದಿನ ಹುಬ್ಬಳ್ಳಿಯ ರಿಪೇರಿ ಅಂಗಡಿಗೆ ಒಯ್ಯುವುದೆಂದಾಯಿತು. ಮಷೀನಿಗೆ ಪೆಟ್ಟು ಹತ್ತಬಾರದೆಂದು ಅತ್ತೆ ತಮ್ಮ ಹಳೆಯ ಕೌದಿ ಕೊಟ್ಟರು. ಅದರಲ್ಲಿ ಸುತ್ತಿ ಟೀಚರ್ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತರು. ನಾನು ಹಿಡಿದುಕೊಳ್ಳುತ್ತೇನೆ ಎಂದರೂ ಕೊಡಲಿಲ್ಲ. ಅದರೊಳಗೆ ಅವರ ಜೀವವೇ ಇತ್ತು.

ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಳು. ಟೀಚರ ಕೆಂಪಾದ ಕಣ್ಣು ನೋಡಿ, ಕೌದಿ ನೋಡಿ, ಏನಾಗಿದೆ ತಂಗಿ ಅಂತ ಕೇಳಿದಳು. ಟೀಚರ್ ಬೇರೆ ಯೋಚನೆಯಲ್ಲಿದ್ದರು. ವೈರಸ್ ಆಗಿದೆ, ನಿನ್ನೆಯಿಂದ ಕಣ್ಣು ತೆರೆದಿಲ್ಲ, ಹುಬ್ಬಳ್ಳಿಗೆ ತೋರಿಸಲು ಒಯ್ಯುತ್ತಿದ್ದೇವೆ ಅಂದರು. ಮುಂದಿನ ಸೀಟಿನವರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಅಜ್ಜಿ ಮಾತ್ರ ಏಳಲಿಲ್ಲ. ಕೌದಿಯ ಮೇಲೆ ಕೈ ಇಟ್ಟು ಮಷೀನನ್ನು ಮೆಲ್ಲಗೆ ತಟ್ಟಿದಳು.

"ಮಾರಿ ತುಂಬ ಹೊಚ್ಚಬ್ಯಾಡವಾ, ಗಾಳಿ ಆಡ್ಲಿ," ಎಂದು ತಾನೇ ಕೌದಿಯ ಅಂಚು ಸರಿಸಿದಳು. ಒಳಗಿನಿಂದ ಫ್ಯಾನಿನ ಜಾಲರಿ ಕಂಡಿತು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದಳು.

"ಈಗೀಗ ಕಂಪ್ಯೂಟರ್ ಕೂಸು, ಕಂಪ್ಯೂಟರ್ ಕೂಸು ಅಂತಾರಲ್ಲ," ಅಂದಳು ಅಜ್ಜಿ, "ಅದು ಇದ ಏನವಾ?"

ಟೀಚರ್ ಹಿಂದಿನ ದಿನದಿಂದ ಮೊದಲ ಸಲ ನಕ್ಕರು. ವಿಷಯ ತಿಳಿದ ಮೇಲೂ ಅಜ್ಜಿ ಕೈ ತೆಗೆಯಲಿಲ್ಲ, ಬಸ್ಸು ಕುಲುಕಿದಾಗಲೆಲ್ಲ ಒತ್ತಿ ಹಿಡಿಯುತ್ತ ಹುಬ್ಬಳ್ಳಿಯವರೆಗೂ ಬಂದಳು. ಇಳಿಯುವಾಗ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಟೀಚರ ಕೈಗಿಟ್ಟು, ಅದು ತಿನ್ನದಿದ್ದರೆ ನೀವಾದರೂ ತಿನ್ನಿ ಅಂದಳು.

ಟವೆಲಿನ ಕೆಳಗೆ

ರಿಪೇರಿ ಅಂಗಡಿಯವರು ಬಹಳ ಸಾತ್ವಿಕರು. ಹಣೆಯ ಮೇಲೆ ವಿಭೂತಿ, ಮೆಲ್ಲಗಿನ ದನಿ. ಮಷೀನಿನ ಪ್ಲಗ್ ಚುಚ್ಚುವ ಮುಂಚೆಯೂ ಕೈ ಮುಗಿಯುವವರು. ಹಾರ್ಡ್‌ಡಿಸ್ಕಿನಲ್ಲಿ ಮಷೀನು ಏಳುವ ಜಾಗವನ್ನು ವೈರಸ್ ಕೆಡಿಸಿದೆ, ಫೈಲುಗಳು ಒಳಗೆ ಇದ್ದರೂ ಇರಬಹುದು, ನಾಳೆಯವರೆಗೆ ಬಿಟ್ಟು ಹೋಗಿ ಅಂದರು.

ಮರುದಿನ ಫೋನ್ ಬಂತು. ಮಷೀನು ಚಾಲೂ ಆಗಿದೆ, ಫೈಲುಗಳೂ ಇವೆ ಎಂದರು. ಇನ್ನೇನು ನಾನು ದೇವರಿಗೆ ಕೈ ಮುಗಿಯಬೇಕು, ಅಷ್ಟರಲ್ಲಿ ಅವರ ದನಿ ಇಳಿಯಿತು. ವೈರಸ್ ಪೂರ್ತಿ ಹೋಗಿಲ್ಲ, ದೊಡ್ಡ ಫೈಲಿನೊಳಗೆ ಹೊಕ್ಕು ಏನೇನೋ ಬರೆದಿದೆ ಅಂದರು. ಏನು ಬರೆದಿದೆ ಅಂತ ಕೇಳಿದೆ.

"ಅದನ್ನ ನಾ ಬಾಯಿಲೆ ಹೇಳೂ ಹಂಗಿಲ್ರಿ ಅಕ್ಕಾರ. ನೀವ ಬಂದು ನೋಡ್ರಿ."

ಟೀಚರನ್ನು ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಮಾನಿಟರಿನ ಮೇಲೆ ಒಂದು ಟವೆಲು ಹೊದಿಸಿತ್ತು. ಬಂದುಹೋಗುವ ಹೆಣ್ಣುಮಕ್ಕಳ ಕಣ್ಣಿಗೆ ಬೀಳಬಾರದೆಂದು ಹಾಗೆ ಮಾಡಿದ್ದರಂತೆ. ಆ್ಯಂಟಿವೈರಸ್ಸನ್ನು ಎಷ್ಟು ಸಲ ಓಡಿಸಿದರೂ ಅದು ಮಷೀನು ಶುದ್ಧವಾಗಿದೆ ಅನ್ನುತ್ತದೆ, ಆದರೆ ಪರದೆಯ ಮೇಲಿನದು ಹೋಗುವುದಿಲ್ಲ ಎಂದು ಹೇಳಿ, ಟವೆಲು ಎತ್ತಿ ತಾವು ಆಚೆ ತಿರುಗಿ ನಿಂತರು.

ಟೀಚರ್ ಕನ್ನಡಕ ಏರಿಸಿ ಹತ್ತಿರ ಹೋದರು. "ನಿನ್ನ ಬಾಯಾಗ ಮಣ್ಣ ಬೀಳ್ಲಿ," ಅಂತ ಮೆಲ್ಲಗೆ ಓದಿದರು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಮಂಗ್ಯಾನ ಮಗನ." ಇನ್ನೂ ಗಟ್ಟಿಯಾಗಿ, "ನಿನ್ನ ಹೆಣಾ ಎತ್ಲಿ." ಪುಟ ಕೆಳಗಿಳಿಸುತ್ತ ಹೋದಂತೆ ದನಿ ಏರಿತು, ಕಣ್ಣಲ್ಲಿ ನೀರು ಸುರಿಯತೊಡಗಿತು, ಮುಖ ಮಾತ್ರ ಹಬ್ಬದಂತೆ ಅರಳಿತ್ತು.

ಅಂಗಡಿಯವರು ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: "ಅಕ್ಕಾರ, ಟೀಚರಿಗೂ ಹತ್ತೇತೇನ್ರಿ?"

ಆಗ ನನಗೆ ಹೊಳೆಯಿತು. ಟೀಚರ ಪಿಎಚ್‌ಡಿ ವಿಷಯವೇ ಧಾರವಾಡ ಸೀಮೆಯ ಬೈಗುಳಗಳು. ನಲ್ಲಿಯ ಮುಂದೆ, ಸಂತೆಯಲ್ಲಿ, ಅತ್ತೆ ಸೊಸೆಯರ ಜಗಳದಲ್ಲಿ ಬರುವ ಮಾತುಗಳ ಸಂಗ್ರಹ. ಪ್ರಬಂಧದ ಹೆಸರು, ಪೀಠಿಕೆ ಬೇರೆ ಫೈಲಿನಲ್ಲಿದ್ದವು, ಈ ದೊಡ್ಡ ಫೈಲಿನಲ್ಲಿ ಇದ್ದದ್ದು ಬರೀ ಬೈಗುಳಗಳು. ವರ್ಷಗಟ್ಟಲೆ ಟೈಪ್ ಮಾಡಿ ಮಾಡಿ ನನಗೆ ಅವು ಬರೀ ಅಕ್ಷರಗಳಾಗಿಬಿಟ್ಟಿದ್ದವು. ಫೋನಿನಲ್ಲಿ ಅವರು ಹೇಳಿದಾಗಲೂ ತಲೆಗೆ ಬರಲಿಲ್ಲ.

ವಿಷಯ ತಿಳಿಸಿದೆ. ಅಂಗಡಿಯವರು ನಗಲಿಲ್ಲ. ಮುಖ ಬಿಳುಚಿಕೊಂಡು ಕುಳಿತುಬಿಟ್ಟರು. ಮಷೀನಿನ ಕೈಲಿ ಹೋಗದ್ದನ್ನು ಕೈಯಿಂದಲೇ ತೆಗೆಯೋಣವೆಂದು ಬೆಳಿಗ್ಗೆಯಿಂದ ಒಂದೊಂದೇ ಬೈಗುಳ ಓದಿ ಅಳಿಸಿ, ಸೇವ್ ಮಾಡಿಬಿಟ್ಟಿದ್ದರು. ಮೊದಲ ಪುಟ ಪೂರ್ತಿ ಹೋಗಿತ್ತು. ಅವು ಯಾವುವೆಂದು ಅಷ್ಟು ವರ್ಷದ ಹಿಂದಿನದು ಟೀಚರಿಗೆ ನೆನಪಿರಲಿಲ್ಲ, ನನಗೂ ಇರಲಿಲ್ಲ. ನೆನಪಿದ್ದದ್ದು ಅಂಗಡಿಯವರಿಗೆ ಮಾತ್ರ.

ಅವರು ಗೋಡೆಯ ಕಡೆಗೆ ಮುಖ ಮಾಡಿ ಕುಳಿತರು. ಪ್ರತಿಯೊಂದಕ್ಕೂ ಮೊದಲು "ಕ್ಷಮಾ ಮಾಡ್ರಿ ಅಕ್ಕಾರ" ಎಂದು ಹೇಳಿ, ಆಮೇಲೆ ಬೈಯುತ್ತ ಹೋದರು. ನಾನು ಟೈಪ್ ಮಾಡುತ್ತ ಹೋದೆ. ಅವಸರದಲ್ಲಿ ಎರಡು ಕಡೆ ಕ್ಷಮೆಯೂ ಟೈಪಾಗಿ, ಆಮೇಲೆ ತೆಗೆಯಬೇಕಾಯಿತು. ಮುಗಿದ ಮೇಲೆ ಅವರು ಈಚೆ ತಿರುಗಿ, ತಮ್ಮ ಅವ್ವ ಬೈಯುವ ಒಂದೆರಡು ಇದರಲ್ಲಿ ಬಂದಿಲ್ಲ, ಬೇಕಾಗುತ್ತವೆಯೇ ಎಂದು ಸಂಕೋಚದಿಂದ ಕೇಳಿದರು. ಟೀಚರ್ ಕುರ್ಚಿ ಎಳೆದುಕೊಂಡು ಕುಳಿತರು.

ಪ್ರಬಂಧ ಹೊತ್ತಿಗೆ ಸರಿಯಾಗಿ ಹೋಯಿತು, ಪಾಸೂ ಆಯಿತು. ಅದರ ಕೃತಜ್ಞತೆಯ ಪುಟದಲ್ಲಿ ಟೀಚರ್ ಮಾರ್ಗದರ್ಶಕರ ಕೆಳಗೇ ಅಂಗಡಿಯವರ ಹೆಸರು ಬರೆಸಿದರು. ಕಾಕಾರ ಹೆಸರೂ ಇದೆ. ಬಸ್ಸಿನ ಅಜ್ಜಿಯ ಹೆಸರು ಗೊತ್ತಿರಲಿಲ್ಲವಾದ್ದರಿಂದ ಬಾಳೆಹಣ್ಣು ಕೊಟ್ಟ ತಾಯಿ ಎಂದು ಹಾಕಿದ್ದಾರೆ.

ಬೈಂಡ್ ಆದ ಪ್ರತಿ ಮತ್ತು ಪೇಡೆ ಹಿಡಿದು ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯವರು ಕೈ ತೊಳೆದುಕೊಂಡು ಬಂದು ಪುಸ್ತಕ ಹಿಡಿದರು. ತಮ್ಮ ಹೆಸರಿದ್ದ ಸಾಲನ್ನು ಬೆರಳಿಟ್ಟು ಓದಿದರು, ಕಣ್ಣು ಒರೆಸಿಕೊಂಡರು. ಈ ಪ್ರತಿ ನಿಮಗೇ, ಮನೆಗೆ ಒಯ್ದು ಅವ್ವನಿಗೆ ತೋರಿಸಿ ಎಂದು ಟೀಚರ್ ಹೇಳಿದರು.

ಅವರು ತಲೆ ಅಲ್ಲಾಡಿಸಿದರು. "ಪುಸ್ತಕಾ ಬ್ಯಾಡ್ರಿ ಟೀಚರ್, ಹೆಸರ ಇರೂ ಪುಟ ಒಂದ ಝೆರಾಕ್ಸ್ ಕೊಡ್ರಿ ಸಾಕು. ಉಳದದ್ದೆಲ್ಲಾ ನಮ್ಮವ್ವಗ ಬಾಯಿಪಾಠ ಐತಿ."