ಕಾಲುವೆ ಕಡೆ ನೋಡುವ ಗಿಳಿ

ನನ್ನ ವಕೀಲಿಯಲ್ಲಿ ಗೊಂದಲವಿಲ್ಲದೆ ಕಳೆದ ದಿನ ಯಾವುದಾದರೂ ಇದ್ದರೆ ಅದು ಕೋರ್ಟಿಗೆ ರಜೆ ಇದ್ದ ದಿನ. ರಜೆಯ ದಿನವೂ ಕರಿಕೋಟು ಹಾಕಿಕೊಂಡು ಹೋಗಿ ಬೀಗ ನೋಡಿ ಬಂದದ್ದುಂಟು, ಆ ಮಾತು ಬೇರೆ. ವ್ಯಾಪಾರಸ್ಥರ ಜಗಳ ನನ್ನ ಕಸುಬು. ಪಾಲುದಾರಿಕೆ ಒಡೆದದ್ದು, ಕರಾರು ಮುರಿದದ್ದು, ಒಬ್ಬರ ಮಾಲಿನ ಗುರುತು ಇನ್ನೊಬ್ಬರು ಎತ್ತಿಕೊಂಡದ್ದು, ಇಂಥವು. ಕೊಲೆ, ಕಳವು, ಗಂಡ-ಹೆಂಡಿರ ಜಗಳ ನನ್ನ ಹತ್ತಿರ ಬರುವುದಿಲ್ಲ. ಬರಬಾರದು ಎಂದು ನನ್ನ ಎಣಿಕೆ, ಅಷ್ಟೆ.

ಬೋರ್ಡು

ಗಂಗಾವತಿಯಲ್ಲಿ ಕಚೇರಿ ತೆರೆದಾಗ 'ವಾಣಿಜ್ಯ ವ್ಯಾಜ್ಯಗಳ ನ್ಯಾಯವಾದಿಗಳು' ಎಂದು ಬರೆಯಲು ಪೇಂಟರಿಗೆ ಹೇಳಿದೆ. ಆತ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇಷ್ಟ್ ಒತ್ತಕ್ಷರ ಇದರಾಗ ಹಿಡ್ಯಂಗಿಲ್ರಿ, ಸಣ್ಣದು ಮಾಡ್ತೀನಿ" ಅಂದ. ಸಂಜೆ ಬಂದು ನೋಡಿದರೆ 'ಕಮರ್ಷಿಯಲ್ ವಕೀಲರು' ಎಂದಿತ್ತು. ಅರ್ಥ ಅದೇ ತಾನೆ ಎಂದು ಸುಮ್ಮನಾದೆ.

ಮರುದಿನ ಮೊದಲ ಕಕ್ಷಿದಾರ ಬಂದ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ಮಾಲೀಕ. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಕಮರ್ಷಿಯಲ್ ಇಲ್ಲೇ ಏನ್ರಿ?"

"ಇಲ್ಲೇರಿ, ಕುಂಡ್ರಿ. ಏನ್ ತೊಂದ್ರಿ?"

"ಖಾಲಿ ಆಗೈತ್ರಿ."

ಅಂಗಡಿ ಖಾಲಿ ಮಾಡಿಸಿದ ಕೇಸು ಎಂದು ಖುಷಿಯಿಂದ ಪ್ಯಾಡು ತೆಗೆದೆ. "ಯಾರು ಖಾಲಿ ಮಾಡಿಸಿದ್ರು?"

"ಯಾರ್ ಮಾಡಸ್ತಾರ್ರಿ? ಚಪಾತಿ ಸುಟ್ಟು ಸುಟ್ಟು ತಾನ ಖಾಲಿ ಆತು."

ನಾನು ಅದನ್ನೂ ಬರೆದುಕೊಂಡೆ. ಆಮೇಲೆ ಆತ ಕೆಳಗೆ ಹೋಗಿ, ಖಾನಾವಳಿಯವರು 'ಕಮರ್ಷಿಯಲ್' ಎಂದೇ ಕರೆಯುವ ಗ್ಯಾಸಿನ ಖಾಲಿ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮೇಜಿನ ಮುಂದೆ ಇಳಿಸಿ, "ತುಂಬಿದ್ದು ಎಲ್ಲಿಟ್ಟೀರಿ?" ಅಂದ.

ಆತನನ್ನು ಸಾಗಹಾಕುವಷ್ಟರಲ್ಲಿ ನಮ್ಮ ಹಿರಿಯ ವಕೀಲರು ಹರಸಲು ಬಂದರು. ಬೋರ್ಡಿನ ಕೆಳಗೆ ನಿಂತು ಎರಡು ಸಲ ಓದಿ, ನನ್ನ ಬೆನ್ನು ತಟ್ಟಿದರು.

"ಕಮರ್ಷಿಯಲ್ ನಾವೆಲ್ಲಾರೂ ಅದೀವಿ ತಮ್ಮಾ. ಧೈರ್ಯ ಮಾಡಿ ಬೋರ್ಡಿನ ಮ್ಯಾಲ ಬರಿಸಿದಾಂವ ನೀ ಒಬ್ಬನ."

ಕುರ್ಚಿ

ಯಲಬುರ್ಗಾದಲ್ಲಿ ಭಾವ-ಮೈದುನ ಇಬ್ಬರು ಕೂಡಿ ಟೆಂಟ್ ಹೌಸ್ ನಡೆಸುತ್ತಿದ್ದರು. ಯಾವುದೋ ಮಾತಿಗೆ ಮಾತು ಬೆಳೆದು ಬೇರೆಯಾಗಲು ನನ್ನ ಹತ್ತಿರ ಬಂದರು. ಇಬ್ಬರದೂ ಒಂದೇ ಹಟ: "ಎಲ್ಲಾ ಅರ್ಧಾ-ಅರ್ಧಾ. ಒಂದ್ ಸೌಟು ಹೆಚ್ಚು-ಕಮ್ಮಿ ಆಗಬಾರ್ದು."

ನಾನು ಕುಳಿತು ಪತ್ರ ಬರೆದೆ. ಕಂಬ, ಪರದೆ, ಜಮಖಾನ, ಹಂಡೆ, ಎಲ್ಲ ಸರಿಸಮ ಹಂಚಿದೆ. ಕೊನೆಗೆ ಉಳಿದವು ಮದುಮಕ್ಕಳು ಕೂಡುವ ಕೆಂಪು ಮಖಮಲ್ಲಿನ ಸಿಂಹಾಸನಗಳು. 'ಸಿಂಹಾಸನ ಎರಡು, ತಲಾ ಒಂದು' ಎಂದು ಬರೆದು ಇಬ್ಬರ ಸಹಿ ಹಾಕಿಸಿದೆ. ಇಷ್ಟು ಚೊಕ್ಕ ಹಂಚಿಕೆ ಯಾರು ಮಾಡಿದ್ದಾರು ಎಂದು ಆ ದಿನ ಒಳಗೊಳಗೇ ಬೀಗಿದೆ.

ಮೊದಲ ಮದುವೆಯ ದಿನ ಮೈದುನನ ಫೋನು ಬಂತು.

"ಸಾಹೇಬ್ರ, ಸ್ಟೇಜಿನ ಮ್ಯಾಲ ಹುಡುಗಿ ಕುಂತಾಳ, ಹುಡುಗ ನಿಂತಾನ. ಮಂದಿ ಫೋಟೋಕ್ಕ ಪಾಳಿ ಹಚ್ಚ್ಯಾರ. ನೀವ್ ಬರದ ಕಾಗದದಾಗ ಏನರ ದಾರಿ ಐತೇನ್ರಿ?"

"ಭಾವನ ಕುರ್ಚಿ ತರಸ್ರಿ."

"ಭಾವಾನೂ ಇವತ್ತ ಇನ್ನೊಂದ್ ಲಗ್ನ ಹಿಡದಾನ್ರಿ. ಅಲ್ಲಿ ಹುಡುಗ ಕುಂತಾನಂತ, ಹುಡುಗಿ ನಿಂತಾಳಂತ."

ವಾರದೊಳಗೆ ಭಾವ-ಮೈದುನ ಮತ್ತೆ ಒಂದಾದರು. ತಾಳಿ ಬೀಳುವ ಮೊದಲೇ ಗಂಡು-ಹೆಣ್ಣನ್ನು ಬೇರೆ ಮಾಡಿ ಸೋಡಚೀಟಿ ಕೊಡಿಸುವ ವಕೀಲ ಎಂಬ ಹೆಸರು ಮಾತ್ರ ನನಗೆ ಉಳಿಯಿತು.

ಗಿಳಿ

ಆ ಹೆಸರು ಕೇಳಿಯೇ ಮಿಲ್ಲಿನ ಅಮ್ಮ ಬಂದರು. ಸಿದ್ದಾಪುರದ ಕಡೆ ಅಕ್ಕಿ ಮಿಲ್ಲು, ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು.

"ಕುರ್ಚಿ ಬ್ಯಾರೆ ಮಾಡಿದ ವಕೀಲ್ರು ನೀವ ಏನ್ರಿ? ಹಂಗಾರ ನಮ್ಮ ಗಿಳೀನೂ ಬ್ಯಾರೆ ಮಾಡಿಕೊಡ್ರಿ."

ಅವರ ಅಕ್ಕಿ ಚೀಲದ ಮೇಲೆ ಒಂದು ಹಸಿರು ಗಿಳಿ. ಬರೆದವರು ಯಜಮಾನರೇ. ಅವರೇನು ಚಿತ್ರಕಾರರಲ್ಲ, ಹಾಗಾಗಿ ಗಿಳಿಯ ಕೊಕ್ಕು ಸೊಟ್ಟಗಾಗಿತ್ತು. ಆದರೆ ಸುತ್ತಿನ ಅಂಗಡಿಗಳಲ್ಲಿ ಜನ ಕೇಳುತ್ತಿದ್ದದ್ದೇ 'ಸೊಟ್ಟ ಗಿಳಿ ಅಕ್ಕಿ'. ಅವರ ಹಳೆಯ ಗುಮಾಸ್ತ ಈಗ ಸ್ವಂತ ಮಿಲ್ಲು ಹಾಕಿ, ಅದೇ ಗಿಳಿಯನ್ನು, ಅದೇ ಸೊಟ್ಟ ಕೊಕ್ಕಿನ ಸಮೇತ, ಮಗ್ಗುಲು ತಿರುಗಿಸಿ ಚೀಲದ ಮೇಲೆ ಹಾಕಿಸಿದ್ದ.

"ಅಂವ ಮಿಲ್ ನಡಸ್ಲಿ, ನಾ ಬ್ಯಾಡ ಅನ್ನಂಗಿಲ್ಲ" ಅಂದರು ಅಮ್ಮ. "ಆದ್ರ ಆ ಸೊಟ್ಟ ಕೊಕ್ಕು ನಮ್ಮ ಯಜಮಾನ್ರ ಕೈದು. ಅದೊಂದ ನನಗ ಉಳದೈತಿ. ಅದೂ ಹೋದ್ರ ಅವರು ಎರಡನೇ ಸಲ ಹೋದಂಗ ನೋಡ್ರಿ."

ಬೋರ್ಡು ಹಾಕಿದ್ದಕ್ಕೆ ಕೋರ್ಟು ಹತ್ತುವಂಥ ಕೇಸು ಮೊದಲ ಸಲ ಸಿಕ್ಕಿತ್ತು. ಈ ಗಿಳಿ ಸೋತರೆ ಬೋರ್ಡು ಇಳಿಸಿಬಿಡುವುದು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಮಿಲ್ಲಿಗೆ ಹೋಗಿ ಗೋದಾಮಿನ ಗೋಡೆಗೆ ಎರಡೂ ಚೀಲ ಆನಿಸಿ ನೋಡಿದೆ. ಎಷ್ಟು ನೋಡಿದರೂ ಯಾವುದು ಯಾರದೆಂದು ತಲೆಯಲ್ಲಿ ನಿಲ್ಲಲಿಲ್ಲ.

"ಅದೇನ್ ದೊಡ್ಡದ್ರಿ?" ಅಂದರು ಅಮ್ಮ. "ನಮ್ಮ ಗಿಳಿ ಕಾಲುವಿ ಕಡೆ ನೋಡ್ತೈತಿ, ಅವಂದು ರಸ್ತಾ ಕಡೆ ನೋಡ್ತೈತಿ."

ನಿಜವೇ. ಗೋದಾಮಿನ ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದಕ್ಕೆ ರಸ್ತೆ. ಡೈರಿಯಲ್ಲಿ ಬರೆದುಕೊಂಡೆ: 'ನಮ್ಮದು ಕಾಲುವೆ ಕಡೆ.' ಆಮೇಲೆ ಕಾನೂನು ತಿಳಿಸಿದೆ. "ಅಮ್ಮ, ಗಿಳಿ ಒಂದೇ ಥರ ಇದ್ದರೆ ಸಾಲದು. ಕೊಳ್ಳುವ ಸಾಮಾನ್ಯ ಜನಕ್ಕೆ ಗೊಂದಲ ಆಗುತ್ತದೆ ಅಂತ ತೋರಿಸಬೇಕು."

"ನಮ್ಮ ಮಂದಿಗೆ ಎಂಥಾ ಗೊಂದಲರಿ? ಕಾಲುವಿ ಯಾ ಕಡೆ ಅಂತ ಗೊತ್ತಿಲ್ಲದವರು ಯಾರದಾರ?"

"ಹಾಗನ್ನಬೇಡಿ, ಸೋತುಬಿಡ್ತೀವಿ."

ಅಮ್ಮ ಎರಡೂ ಚೀಲದ ನಡುವೆ ಬಂದು ನಿಂತರು. "ಅಂದ್ರ ನಮ್ಮ ಮಂದಿ ದಡ್ಡರು ಅಂತ ತೋರ್ಸಿದ್ರ ನಾವ್ ಗೆಲ್ತೀವಿ, ಶ್ಯಾಣ್ಯಾರು ಅಂತಾದ್ರ ಸೋಲ್ತೀವಿ?"

ಕಾಲೇಜಿನಲ್ಲಿ ಈ ಕಾನೂನನ್ನು ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಾಕ್ಷಿ

ದಡ್ಡರನ್ನು ಹುಡುಕಲು ಹೊರಟೆ. ಸಿಲಿಂಡರ್ ಹೊತ್ತು ತಂದಿದ್ದ ಖಾನಾವಳಿ ಮಾಲೀಕ ನೆನಪಾದ. ಆತ ಒಂದು ಸಲ ಗುಮಾಸ್ತನ ಚೀಲವನ್ನು ಅಮ್ಮನದೆಂದು ತಿಳಿದು ಒಯ್ದು, ಅನ್ನ ಮುದ್ದೆಯಾಗಿ, ಊಟಕ್ಕೆ ಬಂದವರಿಂದ ಬೈಸಿಕೊಂಡಿದ್ದ. ಹಾಗೆಂದು ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದ.

ಕೊಪ್ಪಳದ ಕೋರ್ಟಿನಲ್ಲಿ ಆತ ಕಟಕಟೆ ಹತ್ತಿದ ದಿನ, ಹಿಂದಿನ ಬೆಂಚಿನಲ್ಲಿ ಅವನ ಎದುರಿನ ಖಾನಾವಳಿಯವನೂ ಕುಳಿತಿದ್ದ. ನನ್ನ ಗಮನಕ್ಕೆ ಬರಲಿಲ್ಲ. ಸಾಕ್ಷಿಯ ಗಮನಕ್ಕೆ ಬಂತು.

ಎದುರು ವಕೀಲರು ಕೇಳಿದರು: "ನಿಮಗೆ ಎರಡು ಗಿಳಿಗಳ ನಡುವೆ ಗೊಂದಲ ಆಗಿತ್ತೇ?"

ಸಾಕ್ಷಿ ಹಿಂದಿನ ಬೆಂಚು ನೋಡಿ ಎದೆ ಉಬ್ಬಿಸಿದ. "ನನಗ ಗೊಂದಲ? ಇಪ್ಪತ್ತು ವರ್ಷದಿಂದ ಅನ್ನಾ ಮಾಡಿ ಬಡಸ್ತೀನ್ರಿ. ಕಣ್ಣ ಕಟ್ಟಿ ಚೀಲಾ ಮುಟ್ಟಸ್ರಿ, ಯಾರ ಗಿಳಿ ಅಂತ ಹೇಳ್ತೀನಿ!"

ಅಮ್ಮ ತಲೆ ತಗ್ಗಿಸಿದರು. ಹೊರಗೆ ಬಂದ ಮೇಲೆ ಸಾಕ್ಷಿ ನನ್ನ ಕೈ ಹಿಡಿದು ಹೇಳಿದ: "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಅವನ ಮುಂದ ದಡ್ಡ ಆಗಲಿಕ್ಕೆ ಹ್ಯಾಂಗ ಬರ್ತೈತಿ? ಬೇಕಾದ್ರ ಅಂವ ಇಲ್ಲದ ದಿನಾ ಕರೀರಿ, ಹೇಳಿದಷ್ಟು ದಡ್ಡ ಆಗ್ತೀನಿ."

ಕೊಪ್ಪಳದಲ್ಲಿ ಕಾಲುವೆ

ವಾದದ ದಿನ ನನ್ನ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ. ಅಮ್ಮ ಹಿಂದೆ ಕುಳಿತಿದ್ದರು. ಮೇಜಿನ ಮೇಲೆ ಎರಡು ಚೀಲ. ಮಿಲ್ಲಿನ ಹೆಸರಿದ್ದ ಅಂಚು ಒಳಗೆ ಮಡಚಿ ಹೋಗಿತ್ತು. ಗಾಬರಿಯಿಂದ ಡೈರಿ ತೆಗೆದೆ: 'ನಮ್ಮದು ಕಾಲುವೆ ಕಡೆ.'

ಆದರೆ ಕೊಪ್ಪಳದ ಕೋರ್ಟಿನಲ್ಲಿ ಕಾಲುವೆ ಎಲ್ಲಿದೆ? ನಾನು ಒಮ್ಮೆ ಕಿಟಕಿ ಕಡೆ ತಿರುಗಿದೆ, ಒಮ್ಮೆ ಬಾಗಿಲ ಕಡೆ ತಿರುಗಿದೆ. ಗಂಗಾವತಿ ಬಸ್ಸು ಬಂದದ್ದು ಕಿಟಕಿಯ ಕಡೆಯಿಂದ, ಅಂದರೆ ಕಾಲುವೆಯೂ ಆ ಕಡೆಯೇ ಇರಬೇಕು. ಕಿಟಕಿ ಕಡೆ ನೋಡುತ್ತಿದ್ದ ಗಿಳಿಯನ್ನು ಎತ್ತಿ ಹಿಡಿದೆ.

"ಸ್ವಾಮಿ, ಈ ಕೊಕ್ಕಿನ ಗಾಂಭೀರ್ಯ ನೋಡಬೇಕು! ಬದುಕೆಲ್ಲ ಅಕ್ಕಿಗೇ ಮುಡಿಪಿಟ್ಟ ಹಿರಿಯರೊಬ್ಬರು ಬರೆದದ್ದು ಇದು. ಇನ್ನು ಆ ಇನ್ನೊಂದು ನೋಡಿ. ಮುಖದಲ್ಲೇ ಕಳ್ಳಕಳೆ! ಅದು ಗಿಳಿಯಲ್ಲ ಸ್ವಾಮಿ, ಗಿಳಿಯ ವೇಷದ ಕಾಗೆ!"

ಹಿಂದಿನಿಂದ ನನ್ನ ಗೌನು ಯಾರೋ ಜಗ್ಗಿದರು. ಕೊಡವಿಕೊಂಡು, "ಇಂಥ ಸೊಟ್ಟ ಮೋರೆಯ ಹಕ್ಕಿ..." ಎಂದು ಮುಂದುವರಿಸಿದೆ.

"ಏ ವಕೀಲಪ್ಪಾ!" ಅಮ್ಮ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರು. "ಅದು ನನ್ನ ಗಂಡ ಬರದ ಗಿಳಿ ಐತೋ! ಅದಕ್ಕ ಕಾಗಿ ಅಂತೀಯಲ್ಲೋ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಎದುರು ವಕೀಲರು ಮಾತ್ರ ಮೇಜು ಗುದ್ದಿ ಎದ್ದರು.

"ನೋಡಿ ಸ್ವಾಮಿ! ವರ್ಷಗಟ್ಟಲೆ ಕೇಸು ನಡೆಸಿದ ಇವರಿಗೇ ಯಾವ ಗಿಳಿ ಯಾರದು ಅಂತ ಗೊತ್ತಾಗುತ್ತಿಲ್ಲ!"

ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ವಕೀಲರೇ, ನಿಮ್ಮ ಈ ಮಾತನ್ನು ಹಾಗೇ ಬರೆದುಕೊಳ್ಳಲೇ?"

ಎದುರು ವಕೀಲರಿಗೆ ತಾವು ಹೇಳಿದ್ದೇನೆಂದು ಆಗ ತಿಳಿಯಿತು. ಕುಳಿತರು.

ಗಿಳಿ ಅಮ್ಮನಿಗೇ ಉಳಿಯಿತು. ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನಿಲ್ಲಿಸಿದರು.

"ಖರೇ ಹೇಳ್ರಿ. ಅವತ್ತ ಬೇಕಂತನ ತಪ್ಪು ಗಿಳಿ ಹಿಡದಿದ್ರೋ, ಖರೇನ ಗೊಂದಲ ಆಗಿತ್ತೋ?"

"ಅಮ್ಮ, ಮೊದಲು ನೀವು ಹೇಳ್ರಿ. ಇಲ್ಲಿ ಕಾಲುವೆ ಯಾವ ಕಡೆ?"

"ಅದೇನ್ ದೊಡ್ಡದ್ರಿ?" ಎಂದು ಅಮ್ಮ ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು, ಮೆಟ್ಟಿಲ ಮೇಲೆ ಪೂರ್ತಿ ಒಂದು ಸುತ್ತು ಹಾಕಿದರು.

"ಅಯ್ಯ ಶಿವನ" ಅಂದರು, "ಇದನ್ನ ಮೊದಲ ಕೇಳಿದ್ರ ನಾನ ಸಾಕ್ಷಿ ಹೇಳ್ತಿದ್ನಲ್ರಿ!"