ಐವತ್ತೊಂದರ ಕೂಸಿಗೆ ದಡಾರದ ಸೂಜಿ

ಕಾಯಿಲೆಯಿಂದ ಬದುಕಿ ಉಳಿಯುವುದೂ ಒಂದು ನೌಕರಿ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಈ ನೌಕರಿಗೆ ನಿವೃತ್ತಿಯಿಲ್ಲ, ಬಡ್ತಿಯಿಲ್ಲ. ಇರುವುದು ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಹಾಕುವ ಹಾಜರಿ ಮಾತ್ರ. ಮೂರು ವರ್ಷದ ಹಿಂದೆ ನನ್ನ ರಕ್ತ ಕೆಟ್ಟಾಗ ತಿರ್ಲಾಪುರದ ತಂಗಿ ಗಿರಿಜಾ ಹೊಸ ರಕ್ತ ಹುಟ್ಟಿಸುವ ತನ್ನ ಕಾಂಡಕೋಶ ಕೊಟ್ಟು ಉಳಿಸಿಕೊಂಡಳು. ಊರವರ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನೂ ಹಾಗೆಯೇ ನಂಬಿದ್ದೆ.

ಹೋದ ಸಲ ಬೆಂಗಳೂರಿನ ಡಾಕ್ಟರು ಹೊಸದೊಂದು ಶುಭವಾರ್ತೆ ಕೊಟ್ಟರು. ಹಳೆಯ ರಕ್ತದ ಜೊತೆ ನನ್ನ ಬಾಲ್ಯದ ಲಸಿಕೆಗಳೂ ಅಳಿಸಿಹೋಗಿವೆಯಂತೆ. ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕಂತೆ. ದಡಾರದ್ದೊಂದು ಬಾಕಿಯಿದೆ ಎಂದು ಚೀಟಿ ಬರೆದರು. ಹೀಗಾಗಿ ಒಂದು ಗುರುವಾರ, ಐವತ್ತೊಂದು ವಯಸ್ಸಿನ ನಾನು ಹೆಂಡತಿ ಶಾಂತಾಳೊಡನೆ ಊರ ಆಸ್ಪತ್ರೆಯಲ್ಲಿ ಹಾಲುಗೂಸುಗಳ ಸಾಲಿನಲ್ಲಿ ಕೂತೆ. ಕೂಸುಗಳ ತಾಯಂದಿರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು. ಶಾಲೆಯಲ್ಲಿ ನನ್ನ ಕಂಡರೆ ನಡುಗುತ್ತಿದ್ದವರು ಈಗ ಸೆರಗಿನೊಳಗೆ ನಗುತ್ತಿದ್ದರು.

ಸರದಿ ಬಂತು. ನರ್ಸ್ ಮುಮ್ತಾಜ್ ಕೇಳಿದರು: "ಕೂಸು ಎಲ್ಲೈತ್ರಿ, ಸರ?"

"ನಾನ ರೀ ಕೂಸು."

ಆಕೆ ನಗಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಸೂಜಿ ಕೆಳಗಿಟ್ಟರು. "ರೋಗನಿರೋಧಕ ಶಕ್ತಿ ತಗ್ಗಿಸೂ ಗುಳಿಗಿ ಪೂರ್ತಿ ಬಿಟ್ಟಿದ್ರಷ್ಟ ಹಾಕ್ರಿ ಅಂತ ಬರದಾರ. ಬಿಟ್ಟೀರೇನ್ರಿ?"

"ಬಿಟ್ಟೀನ್ರಿ" ಎಂದೆ, ಬ್ರಹ್ಮಾಂಡ ಗಾಂಭೀರ್ಯದಿಂದ.

"ಸುಳ್ಳ ಹೇಳಬ್ಯಾಡ್ರಿ" ಎಂದು ಶಾಂತಾ ಬಾಯಿ ಹಾಕಿದಳು. "ಬಾಯಿ ತುಂಬ ಹುಣ್ಣ ಆಗ್ಯಾವ. ಕಪಾಟಿನ್ಯಾಗ ಉಳಿದಿದ್ದ ಹಳೇ ಸ್ಟೀರಾಯ್ಡ್ ಗುಳಿಗಿ ಕದ್ದು ನುಂಗಾಕತ್ತಾರ್ರಿ. ಮ್ಯಾಲೆ ನನ್ನ ಶೇಂಗಾ ಚಟ್ನಿಗೆ ಖಾರ ಜಾಸ್ತಿ ಅಂತ ಜಗಳಾ ಬ್ಯಾರೆ."

ಕದ್ದು ನುಂಗುತ್ತಿದ್ದದ್ದು ಅವಳಿಗೆ ಗೊತ್ತೆಂದು ನನಗೆ ಗೊತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ಕೇಳಿದಾಗಲೂ "ಅಗದಿ ಅರಾಮ" ಎಂದಿದ್ದೆ. ಹುಣ್ಣು ಎಂದರೆ ಹಳೆಯ ಕಾಯಿಲೆ ಮರಳಿತು, ಮತ್ತೆ ಆಸ್ಪತ್ರೆಯಲ್ಲಿ ನನ್ನೊಬ್ಬನನ್ನೇ ಇಟ್ಟಿದ್ದ ಆ ಗಾಜಿನ ಕೋಣೆ ಎಂದು ನಾನೇ ಲೆಕ್ಕ ಬಿಡಿಸಿ ಉತ್ತರ ಬರೆದುಕೊಂಡಿದ್ದೆ. ಹೇಳದಿದ್ದರೆ ಅದು ಇರುವುದೇ ಇಲ್ಲವೆಂಬ ಧೈರ್ಯ.

"ಇದು ಜೀವಂತ ಲಸಿಕಿ, ಸರ. ಈ ಗುಳಿಗಿ ನುಂಗಾಕತ್ತಾಗ ಹಾಕಿದ್ರ, ತಡೀಬೇಕಾದ ರೋಗಾನ ಬಂದು ಕುಂದರತೈತಿ" ಎಂದರು ಮುಮ್ತಾಜ್. ಚೀಟಿಯ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನು ಮಾಡಿ, ಸೋಮವಾರ ಸರ್ ಅಲ್ಲಿಗೆ ಬರುತ್ತಾರೆಂದು ನನ್ನನ್ನು ಕೇಳದೆಯೇ ಹೇಳಿಬಿಟ್ಟರು. ಆಮೇಲೆ ಸಾಲನ್ನು ತೋರಿಸಿದರು: "ಮಾತ ಬರದಿದ್ರೂ ಈ ಕೂಸುಗಳು ಅತ್ತಾದ್ರೂ ಹೇಳ್ತಾವ. ನಿಮಗೇನಾಗಿತ್ರಿ?"

ಸೋಮವಾರ ಬೆಂಗಳೂರಿನಲ್ಲಿ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟರು, ರಕ್ತ ತೆಗೆಸಿದರು. ವರದಿ ಬರುವವರೆಗೆ ಶಾಂತಾ ನನ್ನ ಕೈ ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಹಳೆಯ ಕಾಯಿಲೆ ಮರಳಿರಲಿಲ್ಲ. ತಂಗಿಯ ಕೋಶಗಳು ನನ್ನ ಬಾಯನ್ನು ಪರಕೀಯವೆಂದು ತಿಳಿದು ಕಚ್ಚುತ್ತಿದ್ದವಂತೆ. ಎರಡು ತಿಂಗಳ ಹಿಂದೆಯೇ ಹೇಳಿದ್ದರೆ ಬಾಯಿ ಮುಕ್ಕಳಿಸುವ ಔಷಧವೇ ಸಾಕಾಗುತ್ತಿತ್ತು. ಈಗ ಗುಳಿಗೆಯ ಪ್ರಮಾಣವನ್ನು ಅವರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ದಡಾರದ ಸೂಜಿ ಮುಂದಕ್ಕೆ ಹೋಯಿತು.

ಮನೆಗೆ ಬಂದವನು ಗಿರಿಜಾಗೆ ಫೋನು ಮಾಡಿ ಆಪಾದಿಸಿದೆ: "ನಿನ್ನ ಕೋಶ ನನ್ನ ಬಾಯಿ ಮ್ಯಾಲ ಬಿದ್ದಾವ ನೋಡವಾ."

"ನಿನ್ನ ಬಾಯಿ ನಾ ಹುಟ್ಟಿದಾಗಿಂದ ಸಹಿಸೀನಿ, ಅಣ್ಣಾ" ಎಂದಳು. "ಅವಕ್ಕ ಮೂರ ವರ್ಷಕ್ಕ ಸಾಕಾತು ನೋಡು."

ನಾನು ಫೋನನ್ನು ನಗುತ್ತಿದ್ದ ಶಾಂತಾಳ ಕೈಗಿತ್ತು, ಡಾಕ್ಟರು ಕೊಟ್ಟ ಔಷಧದಿಂದ ಬಾಯಿ ಮುಕ್ಕಳಿಸಲು ಎದ್ದೆ.